ಮನೆ ಎಲ್ಲೆಂದು ಕೇಳದ ಅಂಚೆಯಕ್ಕ

ಅಂಚೆಯಕ್ಕ ಯಾರನ್ನೂ "ನಿಮ್ಮ ಮನೆ ಎಲ್ಲಿ?" ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಮೂವತ್ತೊಂದು ವರ್ಷ ಮನೆಮನೆಗೆ ಕಾಗದ ಹಂಚಿದವರು, ಸುತ್ತಲ ಏಳು ಹಳ್ಳಿಗಳ ಬಾಗಿಲುಗಳನ್ನೂ ಬಾಗಿಲ ಹಿಂದಿನ ಜಗಳಗಳನ್ನೂ ಬಲ್ಲವರು, ಈ ಒಂದು ಪ್ರಶ್ನೆಯ ಹತ್ತಿರ ಬಂದಾಗ ಮಾತ್ರ ಮಾತನ್ನು ಮೊಣಕಾಲು ನೋವಿನ ಕಡೆಗೋ ಬಸ್ಸಿನ ವೇಳೆಯ ಕಡೆಗೋ ತಿರುಗಿಸಿಬಿಡುತ್ತಾರೆ. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಅವರ ಬಲಭುಜ ಈಗಿಲ್ಲದ ಚೀಲದ ಭಾರಕ್ಕೆ ಇನ್ನೂ ವಾಲಿಕೊಂಡೇ ಇದೆ. ಇಲಾಖೆಯ ಹಳೆಯ ಕೋಟನ್ನೇ ಗುಂಡಿ ಬದಲಿಸಿ ಬದಲಿಸಿ ತೊಡುತ್ತಾರೆ. ಯಾರು ಏನೇ ಹೇಳಿದರೂ "ಆಯ್ತಪ್ಪ, ಆಗ್ಲಿ" ಎಂದು ನಿಟ್ಟುಸಿರಿಟ್ಟು, ಆಮೇಲೆ ತಮಗೆ ತೋಚಿದ್ದನ್ನೇ ಮಾಡುತ್ತಾರೆ.

ನಮ್ಮ ಕಡೆ ನಿರ್ವಸತಿಕರೇ ಇಲ್ಲವೆಂದು ಅಧಿಕಾರಿಗಳು ಬರೆದುಕೊಂಡು ಹೋಗಿದ್ದರು. ಹಾದಿಬದಿಯಲ್ಲಿ ಮಲಗಿದವರು ಅವರಿಗೆ ಕಾಣಲಿಲ್ಲ, ನಿಜ. ಅಕ್ಕನಿಗೆ ಕಂಡದ್ದೇ ಬೇರೆ. "ಕಾಗದ ಮನೆಗೆ ತರಬೇಡಿ, ನಾನೇ ಕಚೇರಿಗೆ ಬಂದು ತಗೋತೀನಿ" ಎನ್ನುವವರು ವರ್ಷಕ್ಕೆ ಇಬ್ಬರು ಮೂವರಂತೆ ಹೆಚ್ಚುತ್ತಿದ್ದರು. ಒಬ್ಬಾಕೆ ತಂಗಿಯ ಮನೆಯಲ್ಲಿ ಹದಿನೈದು ದಿನ, ಅಣ್ಣನ ಮನೆಯಲ್ಲಿ ಹದಿನೈದು ದಿನ ಎಂದು, ಅತ್ತಿಗೆಯ ಮುಖ ಗಂಟಿಕ್ಕುವ ಮುಂಚೆಯೇ ಗಂಟು ಕಟ್ಟುತ್ತಿದ್ದಳು. ಇನ್ನೊಬ್ಬರು ಮುದುಕರು ಗೋದಾಮಿನ ಕಾವಲಿಗಿದ್ದೇನೆಂದು ಸುಳ್ಳು ಹೇಳಿ ಅಲ್ಲೇ ಮಲಗುತ್ತಿದ್ದರು. ಎಲ್ಲರೂ ತಲೆ ಬಾಚಿಕೊಂಡು, ಒಗೆದ ಬಟ್ಟೆ ತೊಟ್ಟು, ಎಲ್ಲರಂತೆ ಓಡಾಡುವವರೇ.

ಹೀಗಾಗಿ ಅಕ್ಕ, ಮೇಷ್ಟ್ರಾದ ನನ್ನನ್ನೂ ಒಳಗೊಂಡು ನಾಲ್ಕು ಜನರನ್ನು ಸೇರಿಸಿ, ಕಾಗದ ವಿಂಗಡಿಸುತ್ತಿದ್ದ ಹಳೆಯ ಕೋಣೆಯನ್ನೇ ಬಾಡಿಗೆಗೆ ಹಿಡಿದು, ಒಂದು ಸಂಘ ಕಟ್ಟಿದರು. ಬಿಸಿನೀರಿನ ಬಚ್ಚಲು, ಬಟ್ಟೆ ಒಗೆಯುವ ಯಂತ್ರ, ಬೀಗವಿರುವ ಕಪಾಟುಗಳು. ಬೋರ್ಡು ಮಾತ್ರ ಬೇಡವೆಂದರು. "ಬೋರ್ಡು ಹಾಕಿದ್ರೆ ಯಾರು ಬರ್ತಾರೆ ಮೇಷ್ಟ್ರೇ? ಊರೆಲ್ಲ ಕಿಟಕೀಲೇ ನಿಂತಿರುತ್ತೆ." ಯಾರನ್ನು ಕರೆದರೂ ಕೆಲಸಕ್ಕೆಂದೇ ಕರೆಯುತ್ತಿದ್ದರು: ಕಪಾಟಿನ ಬಾಗಿಲು ಕಿರುಗುಟ್ಟುತ್ತಿದೆ, ಒಂಚೂರು ನೋಡಿಕೊಡಿ. ಬಂದವರು ಎಣ್ಣೆ ಬಿಟ್ಟು ಸರಿಮಾಡಿದ ಮೇಲೆ "ಕೈಯೆಲ್ಲ ಜಿಡ್ಡಾಯ್ತಲ್ಲ, ನೀರು ಕಾದಿದೆ, ಸ್ನಾನಾನೇ ಮಾಡ್ಬಿಡಿ" ಎನ್ನುವರು. ಆ ಒಂದು ಬಾಗಿಲು ಏನಿಲ್ಲೆಂದರೂ ನಲವತ್ತು ಸಲ ರಿಪೇರಿಯಾಗಿದೆ. ಅಷ್ಟು ರಿಪೇರಿಗೆ ಸಿಕ್ಕಿಯೂ ಅದು ಉಳಿದಿರುವುದೇ ಹೆಚ್ಚು.

ಶಾಲಾ ವ್ಯಾನಿನ ಚಾಲಕರು ಬಂದದ್ದೂ ಹಾಗೆಯೇ. ಐವತ್ತು ದಾಟಿದವರು, ಸದಾ ಇಸ್ತ್ರಿಯ ಅಂಗಿ. ಹೆಂಡತಿಯ ಕಾಯಿಲೆಗೆಂದು ಮನೆ ಮಾರಿ, ಕೊನೆಗೆ ಹೆಂಡತಿಯನ್ನೂ ಉಳಿಸಿಕೊಳ್ಳಲಾಗದೆ, ಅದೇ ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದರು. ಶಾಲೆಗೆ ತಿಳಿದರೆ ಕೆಲಸವೇ ಹೋದೀತು. ಅಕ್ಕ ಗಿರಣಿಯ ಮೇಲಿನ ಕೋಣೆಯೊಂದನ್ನು ಅವರಿಗಾಗಿ ಸದ್ದಿಲ್ಲದೆ ಗೊತ್ತುಮಾಡಿದ್ದರು. ಸುಣ್ಣ ಬಳಿಯುವುದಷ್ಟೇ ಬಾಕಿಯಿತ್ತು.

ಅಷ್ಟರಲ್ಲಿ ನಾನು ಎಡವಟ್ಟು ಮಾಡಿದೆ. ಸಂಘದ ವಾರ್ಷಿಕ ವರದಿ ಬರೆಯುವುದು ನನ್ನ ಪಾಲಿನ ಕೆಲಸ. ದಾನಿಗಳ ಮನಸ್ಸು ಕರಗಲೆಂದು "ಶಾಲಾ ವ್ಯಾನಿನ ಚಾಲಕರೊಬ್ಬರು" ಎಂದು ಶುರುಮಾಡಿ ಅವರ ಕಥೆಯನ್ನು ಒಂದು ಪುಟ ಬರೆದೆ. ಹೆಸರು ಹಾಕದ ನನ್ನ ಸೂಕ್ಷ್ಮತೆಗೆ ನಾನೇ ಬೀಗಿದೆ. ಅಚ್ಚಾದ ಮೇಲೆ ಓದಿದ ಅಕ್ಕ ಕನ್ನಡಕ ತೆಗೆದು ಕೇಳಿದರು: "ಈ ಊರಲ್ಲಿ ಶಾಲೆ ವ್ಯಾನು ಎಷ್ಟಿದೆ ಮೇಷ್ಟ್ರೇ?"

ಇದ್ದದ್ದು ಒಂದೇ. ವರದಿ ಅದಾಗಲೇ ವಾಚನಾಲಯದ ಮೇಜಿನ ಮೇಲಿತ್ತು. ಮಕ್ಕಳ ತಂದೆತಾಯಿಯರಲ್ಲಿ ಗುಸುಗುಸು ಎದ್ದು, ಮೂರನೆಯ ದಿನ ಮುಖ್ಯೋಪಾಧ್ಯಾಯಿನಿ ಚಾಲಕರನ್ನು ಕರೆಸಿದರು. ಅವರು ವ್ಯಾನಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಸಿಕ್ಕ ಬಸ್ಸು ಹತ್ತಿ ಹೋದರಂತೆ. ಆ ಪುಟ ಓದಿ ಮರುಗಿದವರಿಂದ ಸಂಘಕ್ಕೆ ಎಂದೂ ಬರದಷ್ಟು ನೆರವು ಬಂತು. ಅದಕ್ಕೆಲ್ಲ ರಸೀದಿ ಬರೆದವನೂ ನಾನೇ.

ಅಕ್ಕ ಎರಡು ತಿಂಗಳು ಊರೂರು ಅಲೆದು ಹುಡುಕಿದರು. ನಾನೂ ಹಿಂದೆ ಹಿಂದೆ ಹೋದೆ. ಕಡೆಗೆ ದೂರದ ಪೇಟೆಯೊಂದರ ಮರದ ಕಾರ್ಖಾನೆಯಲ್ಲಿ ಚಾಲಕರು ಸಿಕ್ಕರು. ತಲೆಯ ತುಂಬ ಮರದ ಹೊಟ್ಟು, ಅಂಗಿ ಮುದುರಿತ್ತು.

"ಕೋಣೆ ಹಾಗೇ ಇದೆ, ಬಂದ್ಬಿಡಿ," ಎಂದರು ಅಕ್ಕ.

"ಬೇಡಕ್ಕ. ಅಲ್ಲಿ ಎದುರಿಗೆ ಸಿಕ್ಕಿದ ಮಕ್ಕಳೆಲ್ಲ ಇನ್ಮೇಲೆ ನನ್ನನ್ನ ವ್ಯಾನಲ್ಲಿ ಮಲಗ್ತಿದ್ದೋನು ಅಂತಾನೇ ನೋಡ್ತಾವೆ. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ." ಎಲ್ಲಿ ಮಲಗುತ್ತೀರೆಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ತೋಳು ಹಿಡಿದು ಒತ್ತಿದರು. ಚಾಲಕರು ನಮ್ಮ ಜೊತೆ ಬರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ, ಇನ್ನು ಪೆನ್ನು ಮುಟ್ಟುವುದಿಲ್ಲವೆಂದೆ. ಅಕ್ಕ ದಣಿದ ದನಿಯಲ್ಲಿ, "ಬರೀಲೇಬೇಕು ಅನ್ಸಿದ್ರೆ ನನ್ನ ಬಗ್ಗೆ ಬರೀರಿ. ನನಗೆ ಮನೆ ಇದೆ," ಎಂದರು.

ಅದಕ್ಕೇ ಬರೆದಿದ್ದೇನೆ. ಆ ವ್ಯಕ್ತಿ ನಿಜದಲ್ಲಿ ಓಡಿಸುತ್ತಿದ್ದದ್ದು ವ್ಯಾನೇ ಅಲ್ಲ; ಈ ಸಲ ಕಸುಬನ್ನೂ ಬದಲಿಸಿದ್ದೇನೆ, ಅಷ್ಟಾದರೂ ಕಲಿತೆ. ಅಕ್ಕನಂಥವರು ಪ್ರತಿ ಊರಿಗೂ ಒಬ್ಬರು ಇರುತ್ತಾರೆ. ಅವರ ಔದಾರ್ಯವನ್ನು ನಾವು ಹೊಗಳುತ್ತೇವೆ, ಸನ್ಮಾನಕ್ಕೆ ಕರೆಯುತ್ತೇವೆ, ಅವರು ಬರುವುದಿಲ್ಲ. ಕೊಟ್ಟು ಕೊಟ್ಟು ದಣಿದಿದ್ದಾರೆಂದು ನಾವು ತಿಳಿಯುತ್ತೇವೆ. ಅವರು ದಣಿದಿರುವುದು ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವರ ಹಾಗೆ, ನಮ್ಮ ನಡುವೆ ದಿನವೂ ನಡೆದು ನಡೆದು.