ರಾಜನ ನಿಲುವಂಗಿ ಹರಿದ ಸಂಜೆ

ಚೌಕದ ಮೂಲೆಯಲ್ಲಿ ಟೈಲರಕ್ಕನ ಅಂಗಡಿ. ಒಳಗೆ ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಬಾಗಿಲ ಬೆಳಕಿಗೆ ಸ್ಟೂಲು ಹಾಕಿಕೊಂಡು ಕಾಜಾ ಹೊಲಿಯುವ ಅವಳ ಅತ್ತೆ.

ನಾಟಕದವರ ತಂಡವೊಂದು ಸಂಜೆ ಸಂಜೆ ಚೌಕದಲ್ಲಿ ಆಟ ಶುರುಮಾಡಿದಾಗಿನಿಂದ ಟೈಲರಕ್ಕನ ತಲೆ ಕೆಟ್ಟುಹೋಗಿತ್ತು. ಆಫೀಸು ಬಿಟ್ಟು ಬರುವ ಜನವೆಲ್ಲ ಅಂಗಡಿಗೆ ಬೆನ್ನು ಹಾಕಿ ನಿಂತುಬಿಡುತ್ತಿದ್ದರು. ಗಿರಾಕಿ ಒಳಗೆ ಕಾಲಿಡಲು ದಾರಿಯೇ ಇಲ್ಲ. ಇವರಿಗೆಲ್ಲ ಮನೆಮಠ ಇಲ್ಲವೇ ಎಂದು ಗೊಣಗುತ್ತ ಮಿಷನ್ನು ತುಳಿಯುತ್ತಿದ್ದಳು. ಗೊಣಗಿದರೂ ಕಿವಿ ಮಾತ್ರ ಹೊರಗೇ. ರಾಜನ ಪಾರ್ಟು ಅವಳಿಗೆ ಪೂರ್ತಿ ಬಾಯಿಪಾಠವಾಗಿತ್ತು.

ಆವತ್ತು ರಾಜ ಕೈಯೆತ್ತಿ ಅಬ್ಬರಿಸಿದ್ದೇ ತಡ, ನಿಲುವಂಗಿ ಕಂಕುಳಿಂದ ಸೊಂಟದವರೆಗೆ ಪರ್ರನೆ ಹರಿಯಿತು. ಒಳಗಿನ ತೂತುಬಿದ್ದ ಬನಿಯನ್ ಊರಿಗೆಲ್ಲ ಕಂಡಿತು. ಜನ ನಕ್ಕರು. ರಾಜನ ಮುಖ ಹುಳ್ಳಗಾಯಿತು. ಟೈಲರಕ್ಕನಿಗೆ ಅಯ್ಯೋ ಪಾಪ ಅನಿಸಿತು. ಸೂಜಿಗೆ ದಾರ ಪೋಣಿಸಿದವಳೇ ಗುಂಪನ್ನು ಸರಿಸಿಕೊಂಡು ನಡುವೆ ಹೋಗಿ ನಿಂತಳು.

"ಕೈ ಎತ್ತಪ್ಪ. ಅಲ್ಲಾಡಬೇಡ, ಚುಚ್ಚೀತು," ಅಂದಳು.

ರಾಜ ಕೈಯೆತ್ತಿ ಕಂಬದ ಹಾಗೆ ನಿಂತ.

"ಯಾರು ಇದನ್ನ ಹೊಲಿದದ್ದು?"

"ನಾವೇ ಹೊಲಿದೆವು," ಎಂದ ರಾಜ, ಗತ್ತು ಬಿಡದೆ.

"ತಾವು ರಾಜ್ಯ ಆಳೋದು ನೋಡ್ಕೊಳ್ಳಿ ಪ್ರಭು. ಹೊಲಿಗೆ ನಮಗೆ ಬಿಡಿ."

ಚೌಕಕ್ಕೆ ಚೌಕವೇ ಬಿದ್ದು ಬಿದ್ದು ನಕ್ಕಿತು. ಇದೂ ನಾಟಕದ್ದೇ ಎಂದುಕೊಂಡು ಚಪ್ಪಾಳೆ ತಟ್ಟಿತು. ಟೈಲರಕ್ಕ ತಲೆಯೆತ್ತಿ ನೋಡಿದಳು. ಇಷ್ಟು ವರ್ಷ ಇದೇ ಜನರ ಭುಜ, ತೋಳು, ಸೊಂಟದ ಅಳತೆ ತೆಗೆದಿದ್ದಳು. ಎಲ್ಲರ ಮುಖ ಒಟ್ಟಿಗೆ ಹೀಗೆ ಕಂಡಿದ್ದು ಇದೇ ಮೊದಲು. ಬ್ಯಾಂಕಿನ ಮೇಡಂ, ಬಸ್ ಡ್ರೈವರು, ಬಟ್ಟೆ ತಡವಾಯಿತೆಂದು ಸದಾ ಜಗಳ ತೆಗೆಯುವ ಮೇಷ್ಟ್ರು, ಯಾರಿಗೆ ಯಾರೂ ಅಲ್ಲದವರು ಹೆಗಲಿಗೆ ಹೆಗಲು ತಾಗಿಸಿ ಒಂದೇ ಮಾತಿಗೆ ನಗುತ್ತಿದ್ದರು. ಅವಳ ಎದೆ ತುಂಬಿ ಬಂತು. ದಾರವನ್ನು ಹಲ್ಲಿನಿಂದ ಕಡಿದು, ಇನ್ನು ಎಷ್ಟು ಬೇಕಾದರೂ ಅಬ್ಬರಿಸಬಹುದು ಎಂದು ರಾಜನಿಗೆ ಅಪ್ಪಣೆ ಕೊಟ್ಟಳು.

ಆಟ ಮುಗಿದ ಮೇಲೆ ರಾಜ ಅಂಗಡಿಗೆ ಬಂದು, ನಾಳೆಯೂ ಹರಿದುಕೊಂಡೇ ಬರಲಾ ಅಕ್ಕ ಎಂದು ಕೇಳಿದ. ಮೊದಲು ತಂಡದ ಬಟ್ಟೆಯೆಲ್ಲ ತಂದು ಹಾಕು, ಆಮೇಲೆ ನೋಡೋಣ ಎಂದು ಗದರಿದಳು. ಗದರುವಾಗಲೂ ನಗು ತಡೆಯಲಾಗಲಿಲ್ಲ.

ಮನೆಗೆ ಹೋದ ಮೇಲೆ ಟೈಲರಕ್ಕ ಅಡುಗೆಮನೆಯಿಂದ ಇಣುಕಿದರೆ, ಅತ್ತೆ ನಡುಮನೆಯಲ್ಲಿ ಅವಳ ಗಂಡನನ್ನು ಕೈಯೆತ್ತಿಸಿ ನಿಲ್ಲಿಸಿಕೊಂಡಿದ್ದರು. "ಅಲ್ಲಾಡಬೇಡವೋ," ಎನ್ನುತ್ತ, ಇಲ್ಲದ ಸೂಜಿ ಹಿಡಿದು, ಸೊಸೆಯ ಪಾರ್ಟನ್ನು ಒಂದಕ್ಷರ ಬಿಡದೆ ಆಡಿ ತೋರಿಸುತ್ತಿದ್ದರು.