ಶೌರಿರಾಜನ ಮನೆಯ ಗೇಟು

ನಾನು ಒಂದು ಕಬ್ಬಿಣದ ಗೇಟು. ಮೈಸೂರಿನ ವೆಲ್ಡಿಂಗ್ ಶಾಪಿನಲ್ಲಿ ಕಿಡಿಗಳ ನಡುವೆ ಹುಟ್ಟಿದವನು. ಹುಟ್ಟಿದ ವಾರಕ್ಕೇ ನನ್ನನ್ನು ಸಿನಿಮಾ ನಟ ಶೌರಿರಾಜನ ಮನೆ ಮುಂದೆ ನಿಲ್ಲಿಸಿದರು. ಪೂರ್ತಿ ತಗಡು ಹೊಡೆಯೋಣವೆಂದು ವೆಲ್ಡರ್ ಹೇಳಿದ್ದ. ಶೌರಿಯ ತಾಯಿ ಪುಟ್ಟನಂಜಮ್ಮ ಒಪ್ಪಲಿಲ್ಲ.

"ಬ್ಯಾಡ ಕಣಪ್ಪ, ಸರಳೇ ಇರ್ಲಿ. ದೂರದಿಂದ ಬಂದೋರು ನನ್ ಮಗನ ಮಖನಾರ ನೋಡ್ಕಂಡ್ ಓಗ್ಲಿ," ಅಂದಿತ್ತು ಆ ಮುದಿಜೀವ.

ನೋಡಿಕೊಂಡು ಹೋಗುವವರಾಗಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ.

ಸರಳುಗಳ ಸಂದಿಯಲ್ಲಿ ಕೈಗಳು ನುಗ್ಗಿದವು. ಪುಸ್ತಕ, ಪೆನ್ನು, ಫೋನು, ಅಂಗಿ ಬಿಚ್ಚಿದ ಎದೆ. ಎದೆಯ ಮೇಲೆ ಸೈನ್ ಹಾಕಿಸಿಕೊಂಡು, ಅದರ ಮೇಲೇ ಹಚ್ಚೆ ಹೊಡೆಸಿಕೊಳ್ಳುವುದು ಅವರಿಗೊಂದು ವ್ರತ. ಶೌರಿ ಅರ್ಧ ಊಟ ಬಿಟ್ಟು ಎದ್ದು ಬಂದು ಹಾಕುತ್ತಿದ್ದ. ಸಾಕಾಗಿ ಒಳಗೆ ಹೋದರೆ ನನಗೆ ಒದೆತ, ಅವನಿಗೆ ಬೈಗುಳ. ಹೆಸರು ಮಾತ್ರ ಅಭಿಮಾನ. ಥೂ!

ಒಂದು ವರ್ಷ ಪುಟ್ಟನಂಜಮ್ಮನಿಗೆ ಎದೆನೋವು ಶುರುವಾಯಿತು. ಶೌರಿ ತನ್ನ ಕೈಯಾರೆ ಬೋರ್ಡು ಬರೆದು ನನಗೆ ಕಟ್ಟಿದ: 'ಅಮ್ಮನಿಗೆ ಹುಷಾರಿಲ್ಲ. ಈ ಸಲ ನನ್ನ ಹುಟ್ಟುಹಬ್ಬ ಇಲ್ಲ. ಕೈಮುಗಿಯುತ್ತೇನೆ, ಮನೆ ಹತ್ತಿರ ಬರಬೇಡಿ.'

ಬಂದರು. ತಮಟೆ ಸಮೇತ ಬಂದರು. ಅಭಿಮಾನಿ ಸಂಘದ ಅಧ್ಯಕ್ಷ ತಿಮ್ಮೇಶ ಆಳುದ್ದದ ಸೇಬಿನ ಹಾರವನ್ನು ಆ ಬೋರ್ಡಿನ ಮೇಲೇ ಹಾಕಿದ.

"ಅಣ್ಣ ಬರಬ್ಯಾಡಿ ಅಂದ್ರೆ ಬನ್ನಿ ಅಂತ ಕಣ್ರಲಾ!"

ಹತ್ತು ಗಂಟೆಗೆ ಆಂಬುಲೆನ್ಸ್ ಬಂತು. ಒಳಗೆ ಹೋಗಲು ದಾರಿ ಬಿಟ್ಟರು. ಹೊರಡುವಾಗ ಬಿಡಲಿಲ್ಲ. ಯಾಕೆ ಗೊತ್ತೇ? ಹಿಂದಿನ ಚಿತ್ರದಲ್ಲಿ ಶೌರಿ ಆಂಬುಲೆನ್ಸಿನಲ್ಲಿ ಮಲಗಿ ಶತ್ರುಗಳಿಂದ ತಪ್ಪಿಸಿಕೊಂಡಿದ್ದ. ಅದನ್ನು ಇವರೆಲ್ಲ ಹತ್ತತ್ತು ಸಲ ನೋಡಿದ್ದರು.

"ಲೇ, ಅಣ್ಣ ಅದ್ರಾಗೇ ಅವ್ನೆ! ಪಿಚ್ಚರ್‌ನಾಗೂ ಇಂಗೇ ಅಲ್ವಾ ಎಸ್ಕೇಪ್ ಆಗಿದ್ದು?" ಎಂದು ತಿಮ್ಮೇಶ ಕೂಗಿದ.

ಆಂಬುಲೆನ್ಸ್ ಒಳಬಂದ ಮೇಲೆ ನನ್ನನ್ನು ಮುಚ್ಚಿದ್ದರು. ನಾನು ಹೊರಕ್ಕೆ ತೆರೆಯುವ ಗೇಟು. ನೂರಾರು ಎದೆಗಳು ನನಗೆ ಆತುಕೊಂಡವು. ನಾನು ಅಲುಗಾಡಲಿಲ್ಲ. ಆಂಬುಲೆನ್ಸಿನಿಂದ ಇಳಿದ ಶೌರಿ ನೆಲಕ್ಕೆ ಮಂಡಿಯೂರಿದ.

"ಒಳಗಿರೋದು ಅಮ್ಮ ಕಣ್ರಪ್ಪಾ! ನಿಮ್ ಕಾಲಿಗ್ ಬೀಳ್ತೀನಿ, ದಾರಿ ಬಿಡ್ರೋ!"

ಶಿಳ್ಳೆ ಹೊಡೆದರು. "ಏನ್ ಆಕ್ಟಿಂಗ್ ಗುರೂ!" ಫೋನುಗಳು ಮೇಲೆದ್ದವು. ಸರಳಿನ ಸಂದಿಯಿಂದ ಒಂದು ಪೆನ್ನು ಚಾಚಿಕೊಂಡಿತು. "ಒಂದೇ ಒಂದು ಸೈನು ಅಣ್ಣಾ, ಆಕ್ಬುಡು, ಬುಟ್‌ಬುಡ್ತೀವಿ."

ಹಾಕಿದ. ಅಳುತ್ತಲೇ ಹಾಕಿದ. ಒಂದು ಎದೆಗೆ, ಇನ್ನೊಂದಕ್ಕೆ, ಮತ್ತೊಂದಕ್ಕೆ. ಕೊನೆಗೆ ನರ್ಸಮ್ಮ ಆಂಬುಲೆನ್ಸಿನ ಹಿಂಬಾಗಿಲು ತೆರೆದು, "ನೋಡ್ರಯ್ಯಾ, ಕಣ್ ತುಂಬ ನೋಡ್ರಿ!" ಎಂದು ಕಿರುಚಿದಳು. ಆ ನೀಲಿಗಟ್ಟಿದ ಮುಖ ಕಂಡ ಮೇಲೆ ತಮಟೆ ನಿಂತಿತು. ಹಿಂದೆ ಸರಿದರು. ಗಾಡಿ ಹೋಯಿತು. ಬೀದಿಯ ತಿರುವಿನಲ್ಲಿ ಸೈರನ್ನೂ ನಿಂತಿತು.

ಶೌರಿ ಆ ಮನೆಯನ್ನೇ ಬಿಟ್ಟ. ನಾನು ಗುಜರಿ ಅಂಗಡಿ ಸೇರಿದೆ. ಮೊನ್ನೆ ತಿಮ್ಮೇಶ ನನ್ನನ್ನು ಹುಡುಕಿಕೊಂಡು ಬಂದ. ಅಳಲು ಬಂದನೇನೋ ಅಂದುಕೊಂಡೆ. ನನಗೆ ಒರಗಿ ಸೆಲ್ಫಿ ತೆಗೆದುಕೊಂಡ.

"ಸಾಬ್ರೇ, ಅಣ್ಣನ ಮನೆ ಗೇಟು. ಸಂಘದ ಆಫೀಸ್ಗೆ ಬೇಕು."

ಗುಜರಿಯ ಫಯಾಜ್ ಸಾಬರು ಅವನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಆಯಮ್ಮ ಸತ್ತಿದ್ದು ಇದರ ಹಿಂದೇನೇ ಅಲ್ವೇನಯ್ಯಾ?"

"ಗೇಟು ತೆಗೀಲಿಲ್ಲ ಸಾಬ್ರೇ. ನಾವೇನ್ ಮಾಡನ?"

ಸಾಬರು ನನ್ನನ್ನು ಕೊಡಲಿಲ್ಲ. ನಾಳೆ ಕರಗಿಸಲು ಒಯ್ಯುತ್ತಾರೆ. ಚರಂಡಿಯ ಜಾಲರಿ ಮಾಡಿದರೂ ಸರಿ, ಯಾರ ಮನೆಯ ಮುಂದೂ ಮತ್ತೆ ನಿಲ್ಲಿಸಬೇಡಿ. ಒಂದು ಹೆಜ್ಜೆ ಹಿಂದೆ ಸರಿಯಲು ಬಾರದ ಜನರ ಪಾಪವನ್ನು ಹೊರುವಷ್ಟು ಗಟ್ಟಿಯಿಲ್ಲ, ಕಬ್ಬಿಣ.