ಬಾಗಿಲ ಪಕ್ಕದ ಸೀಟು

ಮನೆಯಲ್ಲಿ ಆ ಹುಡುಗಿಯನ್ನು ಎಲ್ಲರೂ ಮುನಿ ಎಂದೇ ಕರೆಯುತ್ತಿದ್ದರು. ಅವಳೇನೂ ತಪಸ್ಸಿಗೆ ಕೂತವಳಲ್ಲ. ಸೋದರಮಾವ ಇಟ್ಟ ‘ಮುಟ್ಟಿದರೆ ಮುನಿ’ ಎಂಬ ಅಡ್ಡಹೆಸರು ಬಳಸಿ ಬಳಸಿ ಸವೆದು ಇಷ್ಟಕ್ಕೆ ಬಂದು ನಿಂತಿತ್ತು. ಮುಚ್ಚಿಕೊಂಡ ಆ ಗಿಡ ಸ್ವಲ್ಪ ಹೊತ್ತಿಗೆ ತಾನೇ ಬಿಚ್ಚಿಕೊಳ್ಳುತ್ತದೆ ಎಂಬುದು ಹೆಸರಿಟ್ಟ ಮಹಾನುಭಾವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ.

ಇದೆಲ್ಲ ಶುರುವಾದದ್ದು ಹಿಂದಿನ ವರ್ಷ, ಪರೀಕ್ಷೆಯ ದಿನ. ಮೇಲ್ವಿಚಾರಕಿ ಕೊಠಡಿಯ ಬಾಗಿಲು ಮುಚ್ಚಿ ಚಿಲಕ ಹಾಕಿದ್ದೇ ತಡ, ಮುನಿಯ ಎದೆ ಡವಡವ ಹೊಡೆದುಕೊಂಡಿತು, ಬೆರಳುಗಳು ಜೋಮು ಹಿಡಿದವು, ಗಂಟಲಿಗೆ ಯಾರೋ ಬಟ್ಟೆ ತುರುಕಿದ ಹಾಗಾಯಿತು. ಇನ್ನೇನು ಸತ್ತೇಹೋಗುತ್ತೇನೆ ಅನ್ನಿಸಿ, ಪ್ರಶ್ನೆಪತ್ರಿಕೆಯನ್ನು ಅಲ್ಲೇ ಬಿಟ್ಟು, ಬಾಗಿಲು ಕಿತ್ತುಬರುವಂತೆ ಎಳೆದು ಓಡಿದಳು. ಸಾಯಲಿಲ್ಲ. ಕೈ ತೊಳೆಯುವ ನಲ್ಲಿಯ ಹತ್ತಿರ ಕುಕ್ಕರಿಸಿ ಬಿಕ್ಕಿದಳು, ಅಷ್ಟೆ. ಡಾಕ್ಟರಮ್ಮ ಅದನ್ನು ಆತಂಕ ಎಂದರು, ಮಾತ್ರೆ ಬರೆದುಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡು ಎಂದರು. ಮುನಿ ನುಂಗಿದಳು, ಮಾತಾಡಿದಳು, ಮರುಪರೀಕ್ಷೆಯಲ್ಲಿ ಬಾಗಿಲ ಪಕ್ಕದ ಸೀಟು ಕೇಳಿ ಕೂತು ಒಳ್ಳೆಯ ಅಂಕವನ್ನೂ ತೆಗೆದಳು. ಆತಂಕ ಹೋಗಲಿಲ್ಲ. ಬಂದಾಗ ಏನು ಮಾಡಬೇಕು ಎಂಬುದು ತಿಳಿಯಿತು.

ಆದರೆ ನೆಂಟರಿಗೆ ಅಷ್ಟು ಸಾಕೆ? ಒಬ್ಬರು ತಣ್ಣೀರಿನಲ್ಲಿ ಮುಖ ತೊಳೆ ಎಂದರು, ಇನ್ನೊಬ್ಬರು ಫೋನ್ ನೋಡಿ ನೋಡಿಯೇ ಹೀಗಾಗಿದ್ದು ಎಂದರು, ಫೋನ್ ನೋಡುತ್ತಲೇ. ಎಲ್ಲರಿಗಿಂತ ಮೇಲುಗೈ ಸೋದರಮಾವನದು. ಮನೆಯ ಹಿಂದಿನ ರಸ್ತೆಯ ಕಾಲೇಜಿನಲ್ಲಿ ಮಾವ ಕಾಮರ್ಸ್ ಮೇಷ್ಟ್ರು. ರಜೆಯ ದಿನಗಳಲ್ಲಿ ಕೊರಳಿಗೆ ಮೈಕು ಸಿಕ್ಕಿಸಿಕೊಂಡು ವ್ಯಕ್ತಿತ್ವ ವಿಕಸನದ ಭಾಷಣ ಬಿಗಿಯುತ್ತಿದ್ದ. ‘ಭಯವೇ ನಿನಗೆ ಭಯಪಡಲಿ!’ ಎಂದು ದಪ್ಪಕ್ಷರದಲ್ಲಿ ಬರೆಸಿದ ಪೋಸ್ಟರಿನಲ್ಲಿ ಕೈಕಟ್ಟಿ ನಿಂತ ಮಾವನನ್ನು ನೋಡಿದಾಗಲೆಲ್ಲ ಮುನಿಗೆ, ಇಂಥವನಿಗೆ ಹೆದರಲು ಭಯಕ್ಕೆ ಅಷ್ಟೂ ಬುದ್ಧಿ ಇಲ್ಲವೇ ಅನ್ನಿಸುತ್ತಿತ್ತು.

ಮುನಿಗೆ ಬೇಕಿದ್ದದ್ದು ಭೂವಿಜ್ಞಾನ. ಚಿಕ್ಕಂದಿನಿಂದ ಅವಳ ಕಿಟಕಿಯ ತುಂಬ ಕಲ್ಲುಗಳು. ಕಲ್ಲು ಯಾರಿಗೂ ಸಲಹೆ ಕೊಡುವುದಿಲ್ಲ ಎಂಬುದೂ ಅವಳ ಮೆಚ್ಚಿಕೆಗೆ ಒಂದು ಕಾರಣ. ಅದನ್ನು ಕಲಿಸುವ ಕಾಲೇಜು ಬೆಳಗ್ಗೆ ಹೊರಟರೆ ಮಧ್ಯಾಹ್ನ ಮುಟ್ಟುವಷ್ಟು ದೂರದಲ್ಲಿತ್ತು. ಅಲ್ಲಿ ಸೀಟೂ ಸಿಕ್ಕಿತ್ತು.

“ಕಲ್ಲು ಓದಿ ಏನ್ ಮಾಡ್ತೀಯೇ?” ಎಂದ ಮಾವ. “ನಮ್ಮ ಕಾಲೇಜಲ್ಲಿ ಮಾತಾಡಿಟ್ಟಿದೀನಿ. ಕಾಮರ್ಸ್ ತಗೋ. ಎದೆ ಡವಡವ ಅಂದ್ರೆ ಸ್ಟಾಫ್ ರೂಮಿಗೆ ಬಂದು ನನ್ನ ಪಕ್ಕ ಕೂತ್ಕೋ. ಹಾಸ್ಟೆಲಲ್ಲಿ ಒಂದು ವಾರ ತಡೀತೀಯಾ ನೀನು?”

ಅಪ್ಪ ಕೃತಕ ಹಲ್ಲುಗಳ ಲ್ಯಾಬಿನಲ್ಲಿ ದಿನವಿಡೀ ಪರರ ಬಾಯಿ ಕಟ್ಟುವವನು. ತನ್ನ ಬಾಯಿಯನ್ನು ಊಟಕ್ಕೆ ಮಾತ್ರ ಮೀಸಲಿಟ್ಟು, ಮನೆಯಲ್ಲಿ ಮಾತಾಡುವ ಕೆಲಸವನ್ನು ಹೆಂಡತಿಗೆ ಬಿಟ್ಟುಕೊಟ್ಟಿದ್ದ. ಅಮ್ಮ ಕಾರು ಕಲಿಸುವವಳು. ಸ್ಟೀರಿಂಗ್ ಹಿಡಿದರೆ ಬೆವರುವ ಗೃಹಿಣಿಯರು, ನಿವೃತ್ತರು, ಗೇರು ಹಾಕುವಾಗ ಕಣ್ಣುಮುಚ್ಚುವ ಹುಡುಗರು, ಎಲ್ಲರನ್ನೂ ರಸ್ತೆಗೆ ಹತ್ತಿಸಿದವಳು. ಅಂಥವಳು ಮಗಳ ವಿಷಯ ಬಂದರೆ ಮಾತ್ರ, “ಒಂದ್ಸಲ ನೋಡ್ಕೊಂಡು ಬರೋಣ, ಆಮೇಲೆ ನೋಡೋಣ,” ಎಂದು ಅದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಿದ್ದಳು.

ಕಾಲೇಜು ನೋಡಲು ಹೊರಟ ದಿನ ಮಾವ ಕರೆಯದೆಯೇ ಬಂದು ಮುಂದಿನ ಸೀಟಿನಲ್ಲಿ ಕೂತ. “ಇಂಥ ವಿಷಯದಲ್ಲಿ ಧೈರ್ಯ ಹೇಳೋಕೆ ಒಬ್ರು ಬೇಕಾಗುತ್ತೆ,” ಎಂದ.

ಅದು ಅಮ್ಮ ಪಾಠ ಹೇಳುವ ಕಾರು. ಅದರಲ್ಲಿ ಕಲಿಸುವವರು ಕೂರುವ ಎಡಗಡೆಯ ಸೀಟಿನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. “ಅಣ್ಣ, ಕಾಲು ಹಿಂದಕ್ಕೆ ಇಟ್ಕೋ, ಅದನ್ನ ತುಳೀಬೇಡ,” ಎಂದಳು ಅಮ್ಮ. “ನಾನೇನು ಚಿಕ್ಕ ಮಗೂನಾ?” ಎಂದ ಮಾವ. ಊರು ದಾಟುವವರೆಗೆ ಇಚ್ಛಾಶಕ್ತಿಯ ಮೇಲೆ ಉಪನ್ಯಾಸವಾಯಿತು, ಹೆದ್ದಾರಿ ಸೇರಿದ ಮೇಲೆ ಏಕಾಗ್ರತೆಯ ಮೇಲೆ. ಹಿಂದೆ ಕೂತ ಮುನಿ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು, ಈ ಮನುಷ್ಯನಿಗೆ ಉಗುಳು ಒಣಗುವುದೇ ಇಲ್ಲವೇ ಎಂದು ಯೋಚಿಸುತ್ತಿದ್ದಳು.

ಒಂದು ಲಾರಿ ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹಾದುಹೋಯಿತು. ಅಷ್ಟೆ. ಮುಟ್ಟಲೂ ಇಲ್ಲ, ತಾಗಲೂ ಇಲ್ಲ. ಮಾವ “ಅಯ್ಯಯ್ಯೋ!” ಎಂದು ಕೂಗಿ ಎರಡೂ ಕಾಲಿನಲ್ಲಿ ಬ್ರೇಕು ತುಳಿದುಬಿಟ್ಟ. ಕಾರು ಕಿರ್ರೆಂದು ಓಲಾಡಿತು. ಹಿಂದಿನ ವ್ಯಾನು ಸ್ವಲ್ಪದರಲ್ಲಿ ತಪ್ಪಿಸಿಕೊಂಡು ಬೈಯುತ್ತ ಹೋಯಿತು. ಅಮ್ಮ ಹಲ್ಲು ಕಚ್ಚಿ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು.

“ಕಾಲು ತೆಗಿ ಅಣ್ಣಾ! ಎಲ್ರನ್ನೂ ಕೊಲ್ತಿದ್ಯಲ್ಲೋ!”

ಮಾವನಿಗೆ ಕೇಳಿಸುತ್ತಿರಲಿಲ್ಲ. ಮುಖ ಬಿಳುಚಿತ್ತು, ಅಂಗಿ ಬೆವರಿಗೆ ಅಂಟಿತ್ತು. ಎದೆಯನ್ನು ಹಿಡಿದುಕೊಂಡು, “ಹಾರ್ಟ್ ಅಟ್ಯಾಕು… ನನ್ನ ಕೈ… ಕೈ ಜೋಮು…” ಎಂದು ಗಾಳಿಗೆ ಬಾಯಿ ಬಿಡುತ್ತಿದ್ದ. ಮುನಿಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೂ ಎದೆಯ ವಿಷಯ. ನನಗೆ ಗೊತ್ತು ಎಂದು ಕೂರುವ ಹಾಗಿರಲಿಲ್ಲ. ಮುಂದಿನ ಊರಿನ ಸಣ್ಣ ಆಸ್ಪತ್ರೆಗೆ ಹೋದರು.

ಎದೆಗೆ ತಂತಿ ಹಚ್ಚಿ ನೋಡಿ, ರಕ್ತ ಪರೀಕ್ಷೆಯನ್ನೂ ಮಾಡಿಸಿದ ಡಾಕ್ಟರು, “ಹೃದಯಕ್ಕೇನೂ ಆಗಿಲ್ಲ. ಇದು ಆತಂಕ. ಮುಂಚೆ ಯಾವಾಗಾದ್ರೂ ಹೀಗಾಗಿತ್ತಾ?” ಎಂದು ಕೇಳಿದರು. ಅಮ್ಮ ಔಷಧದ ಅಂಗಡಿಗೆ ಹೋಗಿದ್ದಳು. ಪರದೆಯ ಈಚೆ ಮುನಿ ಇರುವುದು ಮಾವನಿಗೆ ತಿಳಿದಿರಲಿಲ್ಲ.

“ಆಗುತ್ತೆ ಸಾರ್,” ಎಂದ ಮಾವ ಸಣ್ಣ ದನಿಯಲ್ಲಿ. “ವೇದಿಕೆ ಹತ್ತೋಕೆ ಮುಂಚೆ ಪ್ರತಿ ಸಲಾನೂ. ನಮ್ಮ ಮನೇವ್ರಿಗೆ ಹೇಳ್ಬೇಡಿ.”

ಡಾಕ್ಟರು ಹೊರಗೆ ಹೋದ ಮೇಲೆ ಮುನಿ ಪರದೆ ಸರಿಸಿದಳು. ಮಾವ ದೊಡ್ಡ ಹೊಟ್ಟೆಯ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಿದ್ದ.

“ಎಷ್ಟು ವರ್ಷದಿಂದ ಮಾವ?”

ಮಾವ ಗೋಡೆ ನೋಡಿದ. “ನಿನ್ನಷ್ಟಿದ್ದಾಗಿಂದ. ಓದೋಕೆ ಅಂತ ದೂರದೂರಿಗೆ ಕಳ್ಸಿದ್ರು. ಒಂದು ವಾರಕ್ಕೆ ವಾಪಸ್ ಬಂದೆ. ಅಲ್ಲಿನ ನೀರು ಹಿಡೀಲಿಲ್ಲ ಅಂತ ಹೇಳ್ದೆ.”

ಮುನಿಗೆ ಸಿಟ್ಟು ನೆತ್ತಿಗೇರಿತು. ಗೊತ್ತಿಲ್ಲದವನು ಆಡಿಕೊಂಡರೆ ಹೋಗಲಿ ಎನ್ನಬಹುದು. ಇವನಿಗೆ ಒಳಗಿನಿಂದ ಗೊತ್ತಿತ್ತು. ಗೊತ್ತಿದ್ದೂ ನೆಂಟರ ನಡುವೆ ಹೆಸರಿಟ್ಟು ನಗಿಸಿದ್ದ. ತನ್ನ ಹೇಡಿತನವನ್ನು ಅವಳ ಹಣೆಗೆ ಹಚ್ಚಿ, ತಾನು ಕೊರಳಿಗೆ ಮೈಕು ಕಟ್ಟಿಕೊಂಡಿದ್ದ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಅನ್ನಿಸಿತು. ಆದರೆ ಆ ಹೊತ್ತಿನಲ್ಲಿ ಮಾವನ ಕೈ ಇನ್ನೂ ನಡುಗುತ್ತಿತ್ತು, ಗುಂಡಿ ತಪ್ಪು ಕಾಜಿಗೆ ಹೋಗಿತ್ತು. ಆ ನಡುಕ ಎಂಥದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

“ಉಸಿರು ಎಳ್ಕೊಳ್ಳೋದು ಬಿಡಿ, ಮೆಲ್ಲಗೆ ಹೊರಗೆ ಬಿಡಿ,” ಎಂದಳು ಒರಟಾಗಿ. “ಹಿಂದಿನ ಸೀಟಲ್ಲಿ ಮಲ್ಕೊಳ್ಳಿ. ಮುಂದೆ ನಾನು ಕೂತ್ಕೋತೀನಿ.”

“ವಾಪಸ್ ಹೋಗೋಣ್ವಾ?”

“ನೀವು ಬೇಕಾದ್ರೆ ಬಸ್ಸಲ್ಲಿ ಹೋಗಿ.”

ಮಾವನಿಗೆ ಒಬ್ಬನೇ ಬಸ್ಸಿನಲ್ಲಿ ಹೋಗುವುದು ಬೇಡವಾಗಿತ್ತು. ಅಮ್ಮನಿಗೆ ಗ್ಯಾಸ್ಟ್ರಿಕ್ ಎಂದು ಹೇಳಿ ತೆಪ್ಪಗೆ ಹಿಂದೆ ಕೂತ, ಕಾಲೇಜು ಮುಟ್ಟಿದ ಮೇಲೂ ಕೆಳಗಿಳಿಯಲಿಲ್ಲ.

ಕಾಲೇಜಿನಲ್ಲಿ ಸ್ವಾಗತಕ್ಕೆ ನಿಂತಿದ್ದ ಸೀನಿಯರ್ ಹುಡುಗ ಟೈ ಕಟ್ಟಿಕೊಂಡು, ಕೆನ್ನೆ ನೋಯುವಷ್ಟು ನಗುತ್ತಿದ್ದ. ಈಜುಕೊಳ ಎಂದು ಅವನು ತೋರಿಸಿದ ಜಾಗದಲ್ಲಿ ನೀರಿರಲಿಲ್ಲ, ಗ್ರಂಥಾಲಯದಲ್ಲಿ ಕುರ್ಚಿಗಳಿರಲಿಲ್ಲ. “ನಮ್ಮಲ್ಲಿ ಮನಃಶಾಂತಿ ಕೊಠಡಿ ಕೂಡ ಇದೆ!” ಎಂದು ಹೆಮ್ಮೆಯಿಂದ ಕರೆದೊಯ್ದರೆ ಅದಕ್ಕೆ ಬೀಗ. ಕೀಲಿ ಇಟ್ಟುಕೊಂಡವರು ರಜೆ. ಯಾಕೆ ರಜೆ ಎಂದು ಅಮ್ಮ ಕೇಳಿದಳು. ತುಂಬಾ ಒತ್ತಡ ಆಗಿತ್ತಂತೆ ಎಂದ ಹುಡುಗ, ನಗು ಕಡಿಮೆ ಮಾಡದೆ.

ಆಮೇಲೆ ಸಭಾಂಗಣದಲ್ಲಿ ಪ್ರಾಂಶುಪಾಲರ ಭಾಷಣ. ಎ.ಸಿ. ತಂಪು ಹೋಗದಿರಲಿ ಎಂದು ಯಾರೋ ಬಾಗಿಲು ಮುಚ್ಚಿದರು. ಮುನಿಗೆ ಬಂತು. ಅದೇ ಎದೆ, ಅದೇ ಬೆರಳು, ಅದೇ ಗಂಟಲು. ಇಷ್ಟೆಲ್ಲ ಕಲಿತು, ಅಷ್ಟು ದೂರ ಬಂದು, ಇನ್ನೊಬ್ಬರಿಗೆ ಉಸಿರು ಬಿಡುವ ಪಾಠ ಹೇಳಿಕೊಟ್ಟವಳು ಇದೇನು ದರಿದ್ರ ಎಂದು ತನ್ನನ್ನೇ ಹಳಿದುಕೊಳ್ಳುತ್ತ ಎದ್ದಳು. ಅಮ್ಮ ಕೈ ಹಿಡಿದಳು. “ನಡಿ, ಮನೆಗೆ ಹೋಗೋಣ. ಬೇಡ ಇದೆಲ್ಲ.”

“ಕೈ ಬಿಡಮ್ಮ. ನೀನಿಲ್ಲೇ ಇರು.”

ಹೊರಗೆ ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ಕೂತು ಕಣ್ಣುಮುಚ್ಚಿದಳು. ಉಸಿರನ್ನು ಮೆಲ್ಲಗೆ ಹೊರಗೆ ಬಿಡುವುದು, ಅಂಗೈಯನ್ನು ತಣ್ಣನೆಯ ಕಲ್ಲಿಗೆ ಒತ್ತುವುದು, ಬಂದದ್ದು ಹೋಗುತ್ತದೆ ಎಂದು ಕಾಯುವುದು. ಮೇಲಿನಿಂದ ಧೂಳು ಮೆತ್ತಿದ ಬೂಟುಗಳು ಇಳಿದು ಬಂದು ಅವಳ ಹಿಂದೆ ನಿಂತವು.

“ದಾರಿಲಿ ಕೂತ್ರೆ ಜನ ಹೆಂಗೆ ಓಡಾಡ್ಬೇಕು?” ಕತ್ತರಿಸಿದ ನರೆಗೂದಲಿನ ಹೆಂಗಸು. ಕೈಯಲ್ಲಿ ಸುತ್ತಿಗೆ. ಭೂವಿಜ್ಞಾನದ ಪ್ರೊಫೆಸರ್ ಅವರೇ.

“ಎದೆ ಹೊಡ್ಕೊಳ್ತಿದೆ. ಸ್ವಲ್ಪ ಹೊತ್ತಲ್ಲಿ ನಿಲ್ಲುತ್ತೆ.”

“ಡಾಕ್ಟರ್ ಬೇಕಾ?”

“ಬೇಡ. ಇದು ನಂಗೆ ಆಗ್ತಿರುತ್ತೆ.”

“ಸರಿ. ಗೋಡೆ ಕಡೆ ಸರ್ಕೊಂಡು ಕೂತ್ಕೋ.”

ಅಯ್ಯೋ ಪಾಪ ಇಲ್ಲ, ತಣ್ಣೀರಿಲ್ಲ, ಧೈರ್ಯದ ಭಾಷಣವಿಲ್ಲ. ಮುನಿ ಗೋಡೆಯ ಕಡೆಗೆ ಸರಿದಳು. ಇಳಿದು ಹೋಗುತ್ತಿದ್ದವರನ್ನು ತಡೆದು ಕೇಳಿದಳು: “ಮೇಡಂ, ಪಾಠ ನಡೀತಿರುವಾಗ ಹೀಗಾದ್ರೆ ಎದ್ದು ಹೊರಗೆ ಹೋಗ್ಬಹುದಾ?”

“ಹೋಗು. ಅದಕ್ಕೆ ನನ್ನ ಅಪ್ಪಣೆ ಕೇಳ್ತಾ ನಿಂತು ಪಾಠ ಕೆಡಿಸ್ಬೇಡ. ವಾಪಸ್ ಬರುವಾಗ ಬಾಗಿಲು ಸದ್ದು ಮಾಡ್ಬೇಡ.” ಹೇಳಿ ಹೊರಟೇಹೋದರು.

ಇಷ್ಟು ಒರಟು ಮಾತು ಕೇಳಿ ಇಷ್ಟು ಹಗುರಾಗಬಹುದೆಂದು ಮುನಿ ಎಣಿಸಿರಲಿಲ್ಲ. ಎದ್ದು ಹೋಗಬಹುದು ಎಂದಷ್ಟೇ ಅಲ್ಲ, ವಾಪಸ್ ಬರುತ್ತಾಳೆ ಎಂದೂ ಆ ಹೆಂಗಸು ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಮರುದಿನ ಮನೆಯಲ್ಲಿ ಪಂಚಾಯಿತಿ. ಊರಿನ ಗಾಳಿ ಕುಡಿದು ಮಾವನ ಬಣ್ಣ ಮರಳಿತ್ತು. “ಕೇಳಿದ್ರಾ ಭಾವ? ಸಭಾಂಗಣದಲ್ಲಿ ಅರ್ಧ ಗಂಟೆ ಕೂರೋಕೆ ಆಗ್ಲಿಲ್ಲ ಇವಳಿಗೆ. ಎದೆಗಾರಿಕೆ ಅನ್ನೋದು…” ಎನ್ನುತ್ತ ಕೈ ಎತ್ತಿದವನಿಗೆ ಮುನಿಯ ಮುಖ ಕಂಡಿತು. ಕೈ ಅಲ್ಲೇ ನಿಂತಿತು.

ಈಗ ಬಾಯಿಬಿಟ್ಟರೆ ಮಾವನ ಪೋಸ್ಟರು ನೆಲಕ್ಕೆ ಬೀಳುತ್ತಿತ್ತು. ಮುನಿ ಬಾಯಿಬಿಡಲಿಲ್ಲ. ಕರುಣೆಯಿಂದಲ್ಲ, ಇವನ ಗುಟ್ಟನ್ನು ಹಿಡಿದು ದೊಡ್ಡವಳಾಗಬೇಕಾದಷ್ಟು ತಾನು ಗತಿಗೆಟ್ಟಿಲ್ಲ ಅನ್ನಿಸಿತು. “ನಾನು ಅಲ್ಲಿಗೇ ಹೋಗ್ತೀನಿ,” ಎಂದಳಷ್ಟೆ.

“ಅದನ್ನೇ ನಾನೂ ಹೇಳ್ತಿದ್ದಿದ್ದು!” ಎಂದ ಮಾವ ತಟ್ಟನೆ. “ಎದೆಗಾರಿಕೆ ಅನ್ನೋದು ಮನೇಲಿ ಕೂತ್ರೆ ಬರಲ್ಲ ಅಂತ!”

ಇಷ್ಟು ಬೇಗ ದಿಕ್ಕು ಬದಲಿಸುವುದು ಬಿರುಗಾಳಿಗೆ ಸಿಕ್ಕ ಕೊಡೆಗೂ ಸಾಧ್ಯವಿಲ್ಲ. ಅಪ್ಪ ತಲೆಯಾಡಿಸಿ ಲ್ಯಾಬಿಗೆ ಹೊರಟ. ಯಾರ ಮಾತಿಗೆ ತಲೆಯಾಡಿಸಿದ್ದೆಂದು ಯಾರಿಗೂ ತಿಳಿಯಲಿಲ್ಲ.

ಅಮ್ಮ ಮಾತ್ರ ಒಪ್ಪಲಿಲ್ಲ. ಕಾರು ಒರೆಸುತ್ತಿದ್ದವಳ ಹಿಂದೆ ಮುನಿ ಹೋಗಿ ನಿಂತಳು.

“ಗಡಗಡ ನಡುಗೋರಿಗೆಲ್ಲ ಸ್ಟೀರಿಂಗ್ ಕೊಡ್ತೀಯ. ನಂಗೆ ಮಾತ್ರ ಯಾಕಮ್ಮ ಕೊಡಲ್ಲ?”

“ಅವ್ರು ಗುದ್ದಿದ್ರೆ ಕಾರು ರಿಪೇರಿ ಮಾಡಿಸ್ಬಹುದು ಕಣೇ,” ಎಂದು ಅಮ್ಮ ಬಟ್ಟೆ ಹಿಂಡಿದಳು. “ರಾತ್ರಿ ನಿಂಗೆ ಬಂದ್ರೆ ಯಾರಿರ್ತಾರೆ?”

“ನಾನಿರ್ತೀನಲ್ಲ.”

ಅಮ್ಮ ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕಣ್ಣು ಒದ್ದೆಯಾಗಿತ್ತು. ಮುನಿಗೆ ಸಂಕಟವಾಯಿತು, ಆದರೆ ಮಾತು ಹಿಂದೆಗೆದುಕೊಳ್ಳಲಿಲ್ಲ. ಕಾಲೇಜು ಶುರುವಾಗುವಾಗ ಬಿಟ್ಟುಬರಲು ಹೋದವಳು ಅಮ್ಮನೇ. ಮಾವನಿಗೆ ಆ ದಿನ ತುರ್ತು ಭಾಷಣವಿತ್ತು.

ಹಾಸ್ಟೆಲಿನಲ್ಲಿ ಎಲ್ಲ ಸುಖವಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ವಾರ ತರಗತಿಯಿಂದ ಎದ್ದು ಹೋದದ್ದೇ ಹೆಚ್ಚು. ಪ್ರತಿ ಸಲವೂ ವಾಪಸ್ ಬಂದಳು, ಬಾಗಿಲು ಸದ್ದು ಮಾಡದೆ. ಯಾರೂ ತಿರುಗಿ ನೋಡಲಿಲ್ಲ. ತಾನು ಅಷ್ಟೆಲ್ಲ ಹೆದರಿದ್ದು ಇವರ ನೋಟಕ್ಕೇ ಅಲ್ಲವೇ, ಇವರಿಗೆ ಪುರುಸೊತ್ತೇ ಇಲ್ಲವಲ್ಲ ಎಂದು ಅವಳಿಗೆ ಸ್ವಲ್ಪ ಅವಮಾನವೂ ಆಯಿತು. ಡಾಕ್ಟರಮ್ಮನ ಜೊತೆ ಈಗ ಫೋನಿನಲ್ಲಿ ಮಾತು. ಕೋಣೆಯ ಜೊತೆಗಾತಿ ಗರಗಸದ ಹಾಗೆ ಗೊರಕೆ ಹೊಡೆಯುತ್ತಿದ್ದಳು. ಆತಂಕಕ್ಕಿಂತ ಅದೇ ದೊಡ್ಡ ಕಾಟ.

ಒಂದು ಸಂಜೆ ಅದೇ ಜೊತೆಗಾತಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಮನೆ ನೆನಪಾಗಿತ್ತಂತೆ. “ನೀನು ಕಲ್ಲಿನ ಹಾಗಿದೀಯ,” ಎಂದಳು ಮೂಗೊರೆಸಿಕೊಂಡು. “ನಿಂಗೆ ಭಯಾನೇ ಆಗಲ್ವಾ?”

ಜೀವನದಲ್ಲಿ ಮೊದಲ ಬಾರಿಗೆ ಯಾರೋ ತನ್ನನ್ನು ಕಲ್ಲು ಎಂದಿದ್ದರು. ಮುನಿಗೆ ನಗು ತಡೆಯಲಾಗಲಿಲ್ಲ.

“ನಿನಗಿಂತ ಜಾಸ್ತಿ ಆಗುತ್ತೆ,” ಎಂದಳು. “ಮೊನ್ನೆ ಪಾಠದ ಮಧ್ಯೆ ಎದ್ದು ಹೋಗಿದ್ದು ಯಾಕೆ ಅಂದ್ಕೊಂಡೆ?”

“ಟಾಯ್ಲೆಟ್ಟಿಗೆ ಅಂದ್ಕೊಂಡೆ.”

“ಸದ್ಯ. ಏಳು, ಮುಖ ತೊಳ್ಕೋ. ತಡ ಮಾಡಿದ್ರೆ ಊಟದ ಸಾಲು ಗೇಟಿನ ತನಕ ಬರುತ್ತೆ. ಅಷ್ಟುದ್ದ ಸಾಲಲ್ಲಿ ನಿಂತ್ರೆ ನಂಗೆ ಮತ್ತೆ ಶುರು ಆಗುತ್ತೆ.”

ಜೊತೆಗಾತಿ ಬಿಕ್ಕುತ್ತಲೇ ಚಪ್ಪಲಿ ಹುಡುಕತೊಡಗಿದಳು.